ಒಂದಡಿಗೆ ಅರ್ಧ ಇಂಚಿನ ಜಮೀನು

ಅವರನ್ನು ನಾನು ಮೊದಲ ಸಲ ನೋಡಿದಾಗ ಅವರು ನಮ್ಮ ಬೀದಿಯ ಹಸುವಿನ ಕಿವಿಯ ಅಳತೆ ತೆಗೆಯುತ್ತಿದ್ದರು. ನಾವು ಗೋಪಾಳ ಬಡಾವಣೆಯ ಮನೆಗೆ ಬಂದು ಎರಡೇ ದಿನವಾಗಿತ್ತು. ಶಂಕರಘಟ್ಟದ ಬಸ್ಸು ತಪ್ಪೀತೆಂದು ಊಟದ ಚೀಲ ಹಿಡಿದು ಓಡುತ್ತಿದ್ದ ನನ್ನನ್ನು, ಅರವತ್ತು ದಾಟಿದ, ಬನಿಯನ್ನಿನ ಮೇಲೆ ಟವೆಲ್ ಹಾಕಿಕೊಂಡಿದ್ದ ಒಬ್ಬರು ಕೈಯೆತ್ತಿ ನಿಲ್ಲಿಸಿದರು. ಇನ್ನೊಂದು ಕೈಯಲ್ಲಿ ಕ್ಯಾಲಿಪರ್ ಇತ್ತು.

"ಸಾರ್, ಒಂದ್ ನಿಮಿಷ ಇದರ ಕೊಂಬು ಹಿಡ್ಕೊಳ್ತೀರಾ? ತಲೆ ಅಲ್ಲಾಡಿಸ್ತಾ ಇದೆ, ರೀಡಿಂಗ್ ಸಿಗ್ತಾ ಇಲ್ಲ."

ಯಾಕೆ ಎಂದು ಕೇಳಬೇಕಿತ್ತು. ಕೇಳದೆ ಹಿಡಿದುಕೊಂಡೆ. ಅವರು ಅಳೆದು, ಕಣ್ಣುಮುಚ್ಚಿ ಏನೋ ಲೆಕ್ಕ ಹಾಕಿ, "ಎಂಟೂಕಾಲು ಇಂಚು. ಅಂದ್ರೆ ಮೂರು ನೂಲಿಗೆ ಒಂಚೂರು ಕಮ್ಮಿ. ನಾನು ನಾಲ್ಕು ನೂಲು ಇಟ್ಟಿದ್ದೆ, ಅದಕ್ಕೇ ಮೊಲದ ಥರ ಕಾಣ್ತಾ ಇತ್ತು" ಎಂದು ಒಳಗೆ ಹೋಗಿಬಿಟ್ಟರು. ನೂಲು ಎಂದರೆ ಇಂಚಿನ ಎಂಟನೇ ಒಂದು ಭಾಗವೆಂದು ನನಗೆ ಗೊತ್ತಾದದ್ದು ಆಮೇಲೆ. ಬಸ್ಸು ಹೋಗಿತ್ತು. ಅಲ್ಲಿನ ವಿಶ್ವವಿದ್ಯಾಲಯದ ಕಚೇರಿಯಲ್ಲಿ ನನ್ನ ಮೇಲಿನವರಿಗೆ ಟೈರ್ ಪಂಕ್ಚರ್ ಎಂದು ಹೇಳಿದೆ. ಹಸುವಿನ ಕೊಂಬು ಹಿಡಿದು ನಿಂತಿದ್ದೆ ಎಂದರೆ ಯಾರು ನಂಬುತ್ತಾರೆ?

ಅವರು ತೀರಿಕೊಂಡು ಈಗ ಒಂದು ತಿಂಗಳಾಗುತ್ತಾ ಬಂತು. ಅವರ ಹೆಸರನ್ನು ಇಲ್ಲಿ ಬರೆಯುವುದಿಲ್ಲ. ಬರೆದರೆ ಅವರ ಹೆಂಡತಿ ಓದುತ್ತಾರೆ, ಓದಿದರೆ ಒಂದು ತಪ್ಪು ಕಂಡುಹಿಡಿಯುತ್ತಾರೆ. ಆ ಅನುಭವ ನಮ್ಮ ಬೀದಿಗೆಲ್ಲ ಇದೆ.

ಭದ್ರಾವತಿಯ ಕಾರ್ಖಾನೆಯಲ್ಲಿ ಅವರನ್ನು ಎಲ್ಲರೂ 'ಪ್ಯಾಟ್ರನ್' ಎಂದೇ ಕರೆಯುತ್ತಿದ್ದರಂತೆ. ಉಕ್ಕಿನ ಯಾವುದೇ ಭಾಗವನ್ನು ಎರಕ ಹೊಯ್ಯುವ ಮೊದಲು ಅದೇ ಆಕಾರವನ್ನು ಮರದಲ್ಲಿ ಮಾಡಿ, ಮರಳಿನಲ್ಲಿ ಒತ್ತಿ ಅಚ್ಚು ತೆಗೆಯಬೇಕು. ಆ ಮರದ ಆಕಾರಕ್ಕೆ ಪ್ಯಾಟ್ರನ್ ಎಂದು ಹೆಸರು. ಮೂವತ್ತಾರು ವರ್ಷ ಅವರು ಮಾಡಿದ್ದು ಅದನ್ನೇ. ಕಾದ ಉಕ್ಕು ತಣ್ಣಗಾಗುವಾಗ ಅಡಿಗೆ ಕಾಲು ಇಂಚು ಕುಗ್ಗುತ್ತದೆ, ಹಾಗಾಗಿ ಮರದ ಆಕಾರವನ್ನು ಅಷ್ಟು ದೊಡ್ಡದಾಗಿಯೇ ಮಾಡಬೇಕು. ಪ್ರತಿಸಲ ಲೆಕ್ಕ ಹಾಕುವ ಗೋಜು ಬೇಡವೆಂದು ಅವರ ಕೆಲಸಕ್ಕೆಂದೇ ಬೇರೆ ಸ್ಕೇಲು ಇರುತ್ತದೆ. ಅದರಲ್ಲಿ ಹನ್ನೆರಡು ಇಂಚು ಎಂದು ಬರೆದಿರುತ್ತದೆ, ನಿಜವಾಗಿ ಇರುವುದು ಹನ್ನೆರಡೂಕಾಲು. ಅಂಥದ್ದೊಂದು ಹಿತ್ತಾಳೆ ಸ್ಕೇಲು ಅವರ ಜೇಬಿನಲ್ಲಿ ಸದಾ ಇರುತ್ತಿತ್ತು.

"ಕಣ್ಣಿಗೆ ಕಂಡಷ್ಟೇ ಮಾಡಿದ್ರೆ ತಣ್ಣಗಾದ ಮೇಲೆ ಕಮ್ಮಿ ಬೀಳುತ್ತೆ ಸಾರ್." ಇದು ಅವರ ವೇದವಾಕ್ಯ. ಉಕ್ಕಿಗೆ ಹೇಳಿದ್ದನ್ನು ಅವರು ಸಾರಿಗೂ ಹೇಳುತ್ತಿದ್ದರು, ಮದುವೆಯ ಎಲೆಗಳಿಗೂ ಹೇಳುತ್ತಿದ್ದರು. ನನ್ನ ಮಗಳ ನಾಮಕರಣಕ್ಕೆ ಅಡುಗೆಯವರ ಹತ್ತಿರ ನಿಂತು ನೂರು ಜನಕ್ಕೆ ನೂರೆರಡು ಜನದ ಸಾಮಾನು ಹಾಕಿಸಿದ್ದರು. ಊಟಕ್ಕೆ ಬಂದವರು ಅರವತ್ತು. ಮೂರು ದಿನ ನಾವು ಪಲಾವು ತಿಂದೆವು.

ನಿವೃತ್ತಿಯಾಗಿ ಗೋಪಾಳದ ಸ್ವಂತ ಮನೆಗೆ ಬಂದ ಮೊದಲ ವರ್ಷ ಅವರಿಗೆ ಮಾಡಲು ಕೆಲಸವಿರಲಿಲ್ಲ. ಆ ಕಥೆಯನ್ನು ನನಗೆ ಹೇಳಿದ್ದು ಅವರ ಹೆಂಡತಿ, ನಾನು ಅಕ್ಕ ಎಂದು ಕರೆಯುತ್ತಿದ್ದೆ. ಅಡುಗೆಮನೆ ಬಾಗಿಲು ಸ್ವಲ್ಪ ಬಿಗಿ ಎಂದು ಅಕ್ಕ ಒಂದು ದಿನ ಬಾಯಿತಪ್ಪಿ ಅಂದರಂತೆ. ಇವರು ಉಜ್ಜುಗೊರಡು ತೆಗೆದುಕೊಂಡು ಬಾಗಿಲನ್ನು ಹೆರೆದರು. ಅದು ಸರಿಯಾಯಿತು. ಸರಿಯಾದ ಮೇಲೆ ಮಿಕ್ಕ ಬಾಗಿಲುಗಳು ಬಿಗಿ ಅನ್ನಿಸತೊಡಗಿದವು. ಮಳೆಗಾಲ ಬರುವ ಹೊತ್ತಿಗೆ ಆ ಮನೆಯ ಯಾವ ಬಾಗಿಲೂ ಚಿಲಕ ಹಾಕದೆ ನಿಲ್ಲುತ್ತಿರಲಿಲ್ಲ, ಬಚ್ಚಲಿನ ಬಾಗಿಲನ್ನು ಒಳಗಿನಿಂದ ಬಕೆಟ್ ಒತ್ತಿ ನಿಲ್ಲಿಸಬೇಕಿತ್ತು.

ಬಾಗಿಲುಗಳು ಮುಗಿದ ಮೇಲೆ ಶುರುವಾದದ್ದು ಜಮೀನು.

ಹಾಲ್‌ನಲ್ಲಿ ಟಿವಿ ಇದ್ದ ಕಡೆ ಆರಡಿ ಉದ್ದ, ಮೂರಡಿ ಅಗಲದ ಒಂದು ಹಲಗೆ ಬಂತು. ಹಲಗೆಯ ಮೇಲೆ ಒಂದಡಿಗೆ ಅರ್ಧ ಇಂಚಿನ ಲೆಕ್ಕದಲ್ಲಿ ಒಂದು ತೋಟದ ಮನೆ, ಕೊಟ್ಟಿಗೆ, ಬಾವಿ, ಕಣ, ಬೆಲ್ಲ ಕಾಯಿಸುವ ಆಲೆಮನೆ, ಅಂಚಿನಲ್ಲಿ ಗದ್ದೆ ಎದ್ದವು. ಎತ್ತುಗಳು ಎರಡು ಇಂಚು ಎತ್ತರ. ಗಾಡಿಯ ಚಕ್ರ ನಿಜವಾಗಿ ತಿರುಗುತ್ತಿತ್ತು. ಬಣವೆಗೆ ತೆಂಗಿನ ನಾರು, ಭತ್ತದ ಪೈರಿಗೆ ಹಳೆಯ ಪೇಂಟ್ ಬ್ರಷ್ಷಿನ ಕೂದಲು, ತಿಪ್ಪೆಗೆ ಫಿಲ್ಟರಿನ ಕಾಫಿ ಗಸಿ. ತಿಪ್ಪೆ ತುಂಬುವವರೆಗೆ ಮನೆಗೆ ಬಂದವರಿಗೆಲ್ಲ ಎರಡೆರಡು ಲೋಟ ಕಾಫಿ ಸಿಗುತ್ತಿತ್ತು. ತಿಪ್ಪೆ ತುಂಬಿದ ಮೇಲೆ ಮತ್ತೆ ಟೀ.

ಅದು ಯಾರದೋ ಜಮೀನಲ್ಲ. ಅಕ್ಕನ ತವರಿನದು. ಭದ್ರಾವತಿಯಿಂದ ಆಚೆ ನಾಲೆಯ ಪಕ್ಕದ ಹಳ್ಳಿಯಲ್ಲಿದ್ದ ಆ ಜಾಗದಲ್ಲಿ ಈಗ ಸೈಟುಗಳ ಕಲ್ಲು ನೆಟ್ಟಿದ್ದಾರೆ.

"ಹುಡುಗಿ ನೋಡೋಕೆ ಅಂತ ಹೋಗಿದ್ದೆ ಸಾರ್," ಎಂದು ಅವರೇ ನನಗೆ ಹೇಳಿದ್ದರು. "ನಾಚಿಕೆಗೆ ಹುಡುಗೀನ ನೋಡ್ಲೇ ಇಲ್ಲ. ಕಿಟಕಿಯಾಚೆ ನೋಡ್ತಾ ಕೂತೆ. ಗಾಡಿ ಚಕ್ರಕ್ಕೆ ಹನ್ನೆರಡು ಅರ, ಒಂದು ಅರ ಬೇರೆ ಮರದ್ದು. ಅದು ಈಗ್ಲೂ ಜ್ಞಾಪಕ ಇದೆ. ಮನೆಗೆ ಬಂದ ಮೇಲೆ ಅಮ್ಮ ಹುಡುಗಿ ಹೇಗಿದ್ದಾಳೆ ಅಂದ್ರು, ನಾನು ಗಾಡಿ ಚೆನ್ನಾಗಿದೆ ಅಂದೆ."

ಒಳಗಿನಿಂದ ಅಕ್ಕನ ದನಿ ಬಂತು. "ಗಾಡಿನೇ ಕಟ್ಕೋಬೇಕಿತ್ತು."

ಅಕ್ಕನ ಸಂಕಟವೇ ಬೇರೆ. "ಸಗಣಿ ಬಾಚೋದು ತಪ್ಪುತ್ತಲ್ಲ ಅಂತ ಫ್ಯಾಕ್ಟರಿ ಗಂಡನ್ನ ಒಪ್ಪಿದೆ ಕಣ್ರೀ. ನಮ್ಮಕ್ಕಂದಿರೆಲ್ಲ ಜಮೀನು ಇರೋರನ್ನ ಮಾಡ್ಕೊಂಡು ಬೆಳಗಾದ್ರೆ ಕೊಟ್ಟಿಗೆ. ನಾನು ಮಾತ್ರ ಕ್ವಾಟ್ರಸ್ಸು, ನಲ್ಲಿ ನೀರು, ಸೈರನ್ನು ಅಂತ ಆರಾಮಾಗಿದ್ದೆ. ಈಗ ನೋಡಿ, ಟಿವಿ ಇಡೋ ಜಾಗದಲ್ಲಿ ತಿಪ್ಪೆ!"

ಹೀಗೆ ಬೈದರೂ ಭಾನುವಾರ ಮಧ್ಯಾಹ್ನ ಊಟವಾದ ಮೇಲೆ ಅಕ್ಕ ಕೈಯನ್ನು ಸೆರಗಿಗೆ ಒರೆಸಿಕೊಂಡು, ಕನ್ನಡಕ ಹಾಕಿಕೊಂಡು ಹಲಗೆಯ ಮುಂದೆ ಬಂದು ನಿಲ್ಲುತ್ತಿದ್ದರು. ಇದಕ್ಕೆ ಇನ್‌ಸ್ಪೆಕ್ಷನ್ ಎಂದು ಹೆಸರು. ಇವರು ಕೈ ಹಿಂದೆ ಕಟ್ಟಿಕೊಂಡು ಪಕ್ಕದಲ್ಲಿ ನಿಲ್ಲುತ್ತಿದ್ದರು, ಬೆವರುತ್ತಿದ್ದರು ಕೂಡ. ನಾನು ಭಾನುವಾರಗಳಂದು ಬೇಕೆಂದೇ ಆ ಹೊತ್ತಿಗೆ ಹೋಗುತ್ತಿದ್ದೆ. ಬೇರೆಯವರ ಹೆಂಡತಿ ಬೈಯುವುದನ್ನು ಕೇಳುವುದರಲ್ಲಿ ಒಂದು ನೆಮ್ಮದಿ ಇರುತ್ತದೆ.

ಅಕ್ಕ ವಾರಕ್ಕೆ ಒಂದೇ ತಪ್ಪು ಹೇಳುತ್ತಿದ್ದರು. ಒಂದಕ್ಕಿಂತ ಹೆಚ್ಚಿಲ್ಲ, ಒಂದೂ ಇಲ್ಲ ಎಂಬುದೂ ಇಲ್ಲ. "ಕೊಟ್ಟಿಗೆ ಸೂರು ಇಷ್ಟು ಎತ್ತರ ಇರ್ಲಿಲ್ಲ, ನಮ್ಮಪ್ಪ ಬಗ್ಗಿ ಹೋಗ್ತಿದ್ರು." ಮುಂದಿನ ವಾರದೊಳಗೆ ಸೂರು ಇಳಿಯುತ್ತಿತ್ತು. "ಗದ್ದೇಲಿ ನಾಟಿ ಆಗ್ತಾ ಇದೆ, ಕಣದಲ್ಲಿ ಒಕ್ಕಣೆ ನಡೀತಾ ಇದೆ. ಇದು ಯಾವ ತಿಂಗಳು ರೀ?" ಅವತ್ತು ಮಾತ್ರ ಅವರು ಕುರ್ಚಿಯಲ್ಲಿ ಕುಸಿದು ಕೂತುಬಿಟ್ಟರು. ಹದಿನೈದು ದಿನ ಕೂತು ನಾಟಿ ಮಾಡಿದ್ದ ಬ್ರಷ್ಷಿನ ಕೂದಲನ್ನೆಲ್ಲ ಚಿಮಟದಲ್ಲಿ ಒಂದೊಂದಾಗಿ ಕಿತ್ತು, ಗದ್ದೆಯನ್ನು ಕೊಯ್ಲಾದ ಕೂಳೆಯ ಗದ್ದೆ ಮಾಡಬೇಕಾಯಿತು.

"ಮೂವತ್ತಾರು ವರ್ಷದಲ್ಲಿ ನನ್ನ ಒಂದು ಪೀಸೂ ರಿಜೆಕ್ಟ್ ಆಗಿಲ್ಲ ಸಾರ್. ಇವಳ ಬಾಯಲ್ಲಿ ಒಂದ್ಸಲ 'ಸರಿಯಾಗಿದೆ' ಅಂತ ಬರ್ಲಿ, ಸಾಕು. ಅವತ್ತೇ ಉಳಿ ಕೆಳಗಿಡ್ತೀನಿ." ಇದನ್ನು ಅವರು ಅಕ್ಕನಿಗೆ ಕೇಳುವ ಹಾಗೆಯೇ ಹೇಳುತ್ತಿದ್ದರು. ಅಕ್ಕ ಪಾತ್ರೆಯ ಸದ್ದು ಜೋರು ಮಾಡುತ್ತಿದ್ದರು.

ಈ ಜಮೀನಿನಲ್ಲಿ ನನ್ನ ಪಾಪವೂ ಇದೆ. ನಮ್ಮದು ತೀರ್ಥಹಳ್ಳಿ ಕಡೆ ಗದ್ದೆ ಇದ್ದ ಮನೆ. ಇದ್ದದ್ದು ನಿಜ, ನಾನು ಅದಕ್ಕೆ ಇಳಿದದ್ದು ಕಡಿಮೆ. ಹಾಸ್ಟೆಲ್ಲಿನಲ್ಲಿ ಓದಿದವನು. ಆದರೆ ಪೇಟೆಯಲ್ಲಿ ಯಾರಾದರೂ ಬೇಸಾಯದ ವಿಷಯ ಎತ್ತಿದರೆ, ಗೊತ್ತಿಲ್ಲ ಎಂದು ಹೇಳಲು ನಾಲಿಗೆ ಏಳುವುದಿಲ್ಲ. ಒಂದು ಸಂಜೆ ಅವರು ಬಾಗಿಲಲ್ಲಿ ನಿಂತು ಕೇಳಿದರು.

"ಸಾರ್, ನಿಮ್ದು ಜಮೀನಿದ್ದ ಮನೆ. ಕಣದಲ್ಲಿ ಮೇಟಿ ಕಂಬದ ಸುತ್ತ ಎತ್ತು ಯಾವ ಕಡೆಯಿಂದ ಸುತ್ತುತ್ತೆ?"

ನಾನು ಒಂದು ಕ್ಷಣವೂ ತಡವರಿಸಲಿಲ್ಲ. "ಪ್ರದಕ್ಷಿಣೆ. ದೇವಸ್ಥಾನದಲ್ಲಿ ಸುತ್ತಲ್ವಾ, ಹಾಗೆ. ಅನ್ನ ದೇವರಲ್ವಾ?"

ಅವರು ತಲೆಬಾಗಿ ಹೋದರು. ಎತ್ತುಗಳನ್ನು ಹಾಗೆಯೇ ಅಂಟಿಸಿದರು. ಭಾನುವಾರ ಅಕ್ಕ ಕನ್ನಡಕ ಸರಿಮಾಡಿಕೊಂಡು ನೋಡಿದರು.

"ಎತ್ತು ಎಡಕ್ಕೆ ಸುತ್ತುತಿದ್ವು. ಯಾವ ಪುಣ್ಯಾತ್ಮ ಹೇಳಿದ್ದು ಇದನ್ನ?"

ಇವರು ನನ್ನ ಕಡೆ ನೋಡಲಿಲ್ಲ. "ನಾನೇ ಮರೆತೆ" ಎಂದರು. ಅಕ್ಕ ಮಾತ್ರ ನನ್ನನ್ನು ಮೇಲಿಂದ ಕೆಳಗೆ ನೋಡಿ, "ಜಮೀನ್ದಾರ್ರಿಗೆ ಟೀ ಕೊಡ್ಲಾ?" ಎಂದರು. ಅಂಟು ಬಿಡಿಸುವಾಗ ಒಂದು ಎತ್ತಿನ ಕಾಲು ಮುರಿಯಿತು. ಅವರು ಬೈಯಲಿಲ್ಲ. ಬೈದಿದ್ದರೆ ನನಗೆ ಸ್ವಲ್ಪ ಹಗುರವಾಗುತ್ತಿತ್ತು.

ಅಂಗಳಕ್ಕೆ ಅಲ್ಲಿಯದೇ ಮಣ್ಣು ಬೇಕೆಂದು ಒಂದು ದಿನ ಭದ್ರಾವತಿ ಬಸ್ಸು ಹತ್ತಿದರು. ಅಕ್ಕನ ತಮ್ಮ ಅಲ್ಲೇ ಇದ್ದಾರೆ. ಸಂಜೆ ಇವರು ಮರಳಿ ಬಂದು ಕೈಕಾಲು ತೊಳೆಯುತ್ತಿದ್ದಾಗ, ತವರಿನಿಂದ ಹೋಳಿಗೆ ಬಂದಿರಬೇಕೆಂದು ಅಕ್ಕ ಟಿಫಿನ್ ಕ್ಯಾರಿಯರ್ ಬಿಚ್ಚಿದರು. ಮೊದಲ ಡಬ್ಬಿಯಲ್ಲಿ ಕೆಂಪು ಮಣ್ಣು. ಎರಡನೆಯದರಲ್ಲಿ ಕಪ್ಪು ಮಣ್ಣು. ಮೂರನೆಯದರಲ್ಲಿ ಜಲ್ಲಿ. ಆ ಮಣ್ಣನ್ನು ಟೀ ಸೋಸುವ ಜಾಲರಿಯಲ್ಲಿ ಜರಡಿ ಹಿಡಿದಿದ್ದು ಗೊತ್ತಾದ ದಿನ ಆ ಮನೆಯಲ್ಲಿ ಒಲೆ ಹಚ್ಚಲಿಲ್ಲ. ಅವರು ನಮ್ಮ ಮನೆಗೆ ಊಟಕ್ಕೆ ಬಂದು, ಸಾರು ಸ್ವಲ್ಪ ಕಮ್ಮಿ ಬಿದ್ದಿದೆ ಎಂದು ನನ್ನ ಹೆಂಡತಿಗೆ ಹೇಳಿ ಹೋದರು.

ಎಲ್ಲಕ್ಕಿಂತ ಹೆಚ್ಚು ಸತಾಯಿಸಿದ್ದು ಬಾವಿ. ಮಣ್ಣು ತಂದ ಮೇಲೆ ಅದನ್ನು ಮನೆಯ ಮೂಡಣ ಮೂಲೆಯಲ್ಲಿ ಕೂರಿಸಿದ್ದರು. ಕಲ್ಲಿನ ಕಟ್ಟೆ, ರಾಟೆ, ಹಗ್ಗ, ಒಳಗೆ ನೀರಿನ ಬದಲು ಕನ್ನಡಿಯ ಚೂರು. ಅಕ್ಕ ನೋಡಿ, "ಬಾವಿ ಅಲ್ಲಿರ್ಲಿಲ್ಲ, ಆಲೆಮನೆ ಹತ್ರ ಇತ್ತು" ಎಂದರು. ಇವರು ಒಂದು ಗಳಿಗೆ ಅಕ್ಕನ ಮುಖ ನೋಡಿದರು. ಆಮೇಲೆ "ಆಯ್ತು" ಎಂದರು. ಆಲೆಮನೆ ಹತ್ತಿರ ಹೋದ ಬಾವಿ ಎರಡು ತಿಂಗಳ ಮೇಲೆ ಕೊಟ್ಟಿಗೆಯ ಹಿಂದಕ್ಕೆ ಹೋಯಿತು. ಅಲ್ಲಿಂದ ಹುಣಸೆ ಮರದ ಕೆಳಗೆ. ಹಲಗೆಯನ್ನು ಕೊರೆದು ಕೂರಿಸಿದ ಬಾವಿ ಅದು, ಒಂದು ಸಲ ಸರಿಸುವುದೆಂದರೆ ವಾರದ ಕೆಲಸ. ನನಗೇ ಸಿಟ್ಟು ಬಂತು. "ಅಕ್ಕ, ಒಂದ್ಸಲ ಸರಿಯಾಗಿ ಜ್ಞಾಪಿಸ್ಕೊಂಡು ಹೇಳ್ಬಾರ್ದಾ? ಪಾಪ ಅವರು" ಎಂದೆ.

"ಮದುವೆಯಾಗಿ ನಲ್ವತ್ತು ವರ್ಷ ಆಯ್ತು ಮಾರಾಯ್ರೆ, ಎಲ್ಲಾ ಎಲ್ಲಿ ನೆನಪಿರುತ್ತೆ?" ಎಂದರು ಅಕ್ಕ. ಕೊಟ್ಟಿಗೆಯ ಸೂರಿನ ಎತ್ತರ ನೂಲಿನ ಲೆಕ್ಕದಲ್ಲಿ ನೆನಪಿದ್ದವರಿಗೆ ಬಾವಿ ಎಲ್ಲಿತ್ತೆಂದು ಮರೆತದ್ದು ನನಗೆ ಆಗ ವಿಚಿತ್ರ ಅನ್ನಿಸಲಿಲ್ಲ. ನಾನು ಅಷ್ಟು ಬುದ್ಧಿವಂತನಾಗಿದ್ದರೆ ಶಂಕರಘಟ್ಟದಲ್ಲಿ ಫೈಲು ಕಟ್ಟಿಕೊಂಡು ಇರುತ್ತಿರಲಿಲ್ಲ.

ಈಗ್ಗೆ ಎರಡು ತಿಂಗಳ ಹಿಂದೆ ಭದ್ರಾವತಿಯಲ್ಲಿ ನಿವೃತ್ತರೆಲ್ಲ ಸೇರುವ ಒಂದು ಸಮಾರಂಭವಿತ್ತು. ಜಮೀನನ್ನು ಅಲ್ಲಿ ಎಲ್ಲರಿಗೂ ತೋರಿಸಬೇಕೆಂದು ಹಳೆಯ ಸ್ನೇಹಿತರು ಹಟ ಹಿಡಿದರು. ಧೂಳು ಕೂರಬಾರದೆಂದು ಗಾಜಿನ ಪೆಟ್ಟಿಗೆ ಮಾಡಿಸಲು ಇವರು ಅಂಗಡಿಯವನಿಗೆ ಫೋನಿನಲ್ಲಿ ಅಳತೆ ಹೇಳಿದರು. ಆರಡಿ, ಮೂರಡಿ. ಹಿಂದಿನ ದಿನ ಪೆಟ್ಟಿಗೆ ಬಂತು. ಸಹಾಯಕ್ಕೆಂದು ಎರಕದ ಶಾಪಿನಲ್ಲಿದ್ದ ಇಬ್ಬರು ಗೆಳೆಯರು ಭದ್ರಾವತಿಯಿಂದ ಬಂದಿದ್ದರು. ನಾಲ್ಕು ಜನ ಹಿಡಿದು ಪೆಟ್ಟಿಗೆಯನ್ನು ಇಳಿಸಿದೆವು. ಅಗಲ ಸರಿಹೋಯಿತು. ಉದ್ದದಲ್ಲಿ ಹಲಗೆ ಒಂದೂವರೆ ಇಂಚು ಹೊರಗೆ ಉಳಿಯಿತು.

ಇವರು ಅಂಗಡಿಯವನಿಗೆ ಫೋನ್ ಮಾಡಿ ಕೂಗಾಡಿದರು. ಅವನು ತನ್ನ ಟೇಪು ಹಿಡಿದುಕೊಂಡು ಬಂದ. ಪೆಟ್ಟಿಗೆ ಸರಿಯಾಗಿ ಆರಡಿಯೇ ಇತ್ತು. ಇವರು ಜೇಬಿನಿಂದ ಹಿತ್ತಾಳೆ ಸ್ಕೇಲು ತೆಗೆದು ಹಲಗೆಯನ್ನು ಅಳೆದು ತೋರಿಸಿದರು. ಅದೂ ಸರಿಯಾಗಿ ಆರಡಿಯೇ ಇತ್ತು. ಅಗಲವನ್ನು ಪ್ಲೈವುಡ್ ಅಂಗಡಿಯವರೇ ಯಂತ್ರದಲ್ಲಿ ಸೀಳಿ ಕೊಟ್ಟಿದ್ದರು. ಉದ್ದವನ್ನು ಅಳೆದು ಕೊಯ್ದವರು ಇವರು, ಅಡಿಗೆ ಕಾಲು ಇಂಚು ಜಾಸ್ತಿ ಇರುವ ಸ್ಕೇಲಿನಲ್ಲಿ.

ಎರಕದ ಶಾಪಿನ ಗೆಳೆಯರಲ್ಲಿ ಒಬ್ಬರು ನೆಲದ ಮೇಲೆ ಕೂತು ನಗತೊಡಗಿದರು. "ಅಯ್ಯಯ್ಯೋ ಪ್ಯಾಟ್ರನ್! ಇರಪ್ಪ, ಕಾಯ್ಸಿ ತಣ್ಣಗೆ ಮಾಡು, ಒಂದೂವರೆ ಇಂಚು ತಾನೇ ಕುಗ್ಗುತ್ತೆ!"

ಇವರು ನಗಲಿಲ್ಲ. ಮರುದಿನ ಬೆಳಗ್ಗೆ ಲಗೇಜ್ ಆಟೋ ಬರುವುದಿತ್ತು. ಇನ್ನೊಂದು ಪೆಟ್ಟಿಗೆ ಮಾಡಿಸಲು ಹೊತ್ತಿರಲಿಲ್ಲ. ಹಲಗೆಯನ್ನೇ ಒಂದೂವರೆ ಇಂಚು ಕೊಯ್ಯಬೇಕು. ಆದರೆ ಯಾವ ಕಡೆ? ಒಂದು ತುದಿಯಲ್ಲಿ ಕಣ, ಇನ್ನೊಂದು ತುದಿಯಲ್ಲಿ ಗದ್ದೆ. ಗರಗಸ ಹಿಡಿದು ಹಲಗೆಯ ಸುತ್ತ ಎರಡು ಸಲ ಬಂದರು. "ಏ ಇವಳೇ, ಬಾ ಇಲ್ಲಿ" ಎಂದು ಕರೆದರು. ಭಾನುವಾರವಲ್ಲದ ದಿನ ಅಕ್ಕನನ್ನು ಹಲಗೆಯ ಹತ್ತಿರ ಕರೆದದ್ದು ಅದೇ ಮೊದಲು.

ಅಕ್ಕ ಬಂದು ನೋಡಿದರು. ಗದ್ದೆಯ ತುದಿಯಲ್ಲಿ ಬೇಲಿಯ ಆಚೆ ಉಳಿದಿದ್ದ ಪಟ್ಟಿಯ ಮೇಲೆ ಬೆರಳಿಟ್ಟರು.

"ಇದು ನಮ್ಮ ದೊಡ್ಡಪ್ಪಂದು. ಒಂದೂವರೆ ಇಂಚು ಅಂದ್ರೆ ನಿಮ್ಮ ಲೆಕ್ಕದಲ್ಲಿ ಎಷ್ಟು?"

"ಮೂರಡಿ."

"ಅವರು ನಮ್ಮ ಬದು ಒತ್ತಿದ್ದೂ ಮೂರೇ ಅಡಿ. ನಮ್ಮಪ್ಪ ಎರಡು ಸಲ ಸರ್ವೆ ಮಾಡ್ಸಿದ್ರು, ಪಂಚಾಯ್ತಿ ಸೇರ್ಸಿದ್ರು, ಬಿಟ್ಕೊಡ್ಲಿಲ್ಲ. ಕೊಯ್ರೀ."

ಅವರು ಕೊಯ್ದರು. ಅಕ್ಕ ಸೊಂಟಕ್ಕೆ ಕೈ ಕೊಟ್ಟು ಕೊನೆಯವರೆಗೆ ನಿಂತು ನೋಡಿದರು. ದೊಡ್ಡಪ್ಪನ ಪಟ್ಟಿ ಕೆಳಗೆ ಬಿದ್ದಾಗ ಅದನ್ನು ತಾವೇ ಎತ್ತಿಕೊಂಡು ಹೋಗಿ ಬಚ್ಚಲ ಒಲೆಗೆ ಹಾಕಿದರು. ಆ ಸಂಜೆ ಎಲ್ಲರಿಗೂ ಕೇಸರಿಬಾತು.

ಭದ್ರಾವತಿಯಲ್ಲಿ ಜನ ಮುಗಿಬಿದ್ದು ನೋಡಿದರು. ಹಳೆಯ ಫೋರ್‌ಮನ್ ಒಬ್ಬರು, ಎಂಬತ್ತು ದಾಟಿದವರು, ಗಾಜಿಗೆ ಮೂಗು ಒತ್ತಿ ಬಹಳ ಹೊತ್ತು ನಿಂತಿದ್ದು ಅಕ್ಕನ ಕಡೆ ತಿರುಗಿ, "ಏನಮ್ಮಾ, ಸರಿಯಾಗಿ ಮಾಡಿದ್ದಾನಾ?" ಎಂದು ಕೇಳಿದರು. ಇವರು ಕೈ ಹಿಂದೆ ಕಟ್ಟಿಕೊಂಡು ನಿಂತಿದ್ದರು. ಸುತ್ತ ಇಪ್ಪತ್ತು ಜನ ಇದ್ದರು. ಇಷ್ಟು ಜನರ ಎದುರು ಅಕ್ಕ ಹೇಳಿಯೇ ಹೇಳುತ್ತಾರೆ ಎಂದು ನಾನೂ ಹತ್ತಿರ ಸರಿದೆ.

ಅಕ್ಕ ಗಾಜಿನ ಹತ್ತಿರ ಬಗ್ಗಿದರು. "ನಾಯಿ ಇಲ್ಲ" ಎಂದರು. "ನಮ್ಮನೇಲಿ ನಾಯಿ ಇತ್ತು."

ಎಲ್ಲರೂ ನಕ್ಕರು. ಅವರೂ ನಕ್ಕರು. ಮರಳಿ ಬರುವಾಗ ಬಸ್ಸಿನಲ್ಲಿ ನನ್ನ ಪಕ್ಕ ಕೂತು, "ಯಾವ ಬಣ್ಣದ ನಾಯಿ ಅಂತ ಕೇಳ್ಬೇಕಿತ್ತು ಸಾರ್" ಎಂದರು. ನನಗೆ ಅಕ್ಕನ ಮೇಲೆ ನಿಜಕ್ಕೂ ಕೋಪ ಬಂದಿತ್ತು. ಒಂದು ಮಾತು ಹೇಳಿದ್ದರೆ ಅಕ್ಕನ ಗಂಟೇನು ಹೋಗುತ್ತಿತ್ತು ಎಂದುಕೊಂಡೆ.

ನಾಯಿ ಅರ್ಧವಾಗಿದ್ದಾಗ ಅವರು ಹೋದರು. ಬೆಳಗ್ಗೆ ತಿಂಡಿ ತಿಂದು ಎದೆ ಹಿಡಿದುಕೊಂಡವರು, ಆಸ್ಪತ್ರೆಯ ಬಾಗಿಲಿನವರೆಗೂ ಉಳಿಯಲಿಲ್ಲ. ಹನ್ನೊಂದನೇ ದಿನದ ಕಾರ್ಯಕ್ಕೆ ಭದ್ರಾವತಿಯಿಂದ ಅಕ್ಕನ ತಮ್ಮ ಬಂದಿದ್ದರು. ಊಟ ಮುಗಿದು, ಜನ ಕರಗಿ, ಹಾಲ್‌ನಲ್ಲಿ ನಾವು ಮೂವರೇ ಉಳಿದಿದ್ದೆವು. ಗಾಜಿನೊಳಗೆ ನೋಡುತ್ತಾ ಕೂತಿದ್ದ ಆ ತಮ್ಮ ಇದ್ದಕ್ಕಿದ್ದಂತೆ ಕೇಳಿದರು.

"ಅಲ್ಲಾ ಅಕ್ಕಾ, ಭಾವ ಬಾವಿನ ಯಾಕೆ ಹುಣಸೆ ಮರದ ಕೆಳಗೆ ಇಟ್ಟಿದ್ದಾರೆ? ಮೂಡಣ ಮೂಲೇಲಲ್ವಾ ಇದ್ದಿದ್ದು?"

"ಮೊದಲು ಅಲ್ಲೇ ಇಟ್ಟಿದ್ರು. ನಾನು ಹೇಳಿ ಸರಿಸಿದ್ದು."

"ನಿಂಗೆ ಮರೆತೋಗಿತ್ತಾ?"

"ದಿನಾ ನೀರು ಸೇದಿದ ಬಾವಿ, ಮರೆಯುತ್ತೇನೋ?" ಅಕ್ಕ ಸೆರಗಿನಲ್ಲಿ ಮುಖ ಒರೆಸಿಕೊಂಡರು. "ಆ ವಾರ ಹುಡುಕಿ ಹುಡುಕಿ ಒಂದು ತಪ್ಪೂ ಸಿಗ್ಲಿಲ್ಲ. ಸರಿಯಾಗಿದೆ ಅಂದ್ರೆ ಉಳಿ ಕೆಳಗಿಡ್ತೀನಿ ಅಂತ ಕೂತಿದ್ರಲ್ಲ. ಇಟ್ಟು ಏನು ಮಾಡೋರು? ರಿಟೈರ್ ಆದ ವರ್ಷ ನೀನು ನೋಡಿಲ್ಲ. ಬೆಳಗ್ಗೆ ಐದಕ್ಕೆ ಎದ್ದು ಶರ್ಟು ಹಾಕ್ಕೊಂಡು ಗೇಟಿನ ಹತ್ರ ಹೋಗಿ ನಿಂತ್ಕೊಳ್ಳೋರು. ಎಲ್ಲಿಗೆ ಅಂದ್ರೆ ಮಾತಿಲ್ಲ. ಬಾಗ್ಲು ಹೆರೆದ್ರು ಹೆರೆದ್ರು, ಅದೂ ಮುಗೀತು. ನಂಗೆ ಭಯ ಆಯ್ತು. ಅದಕ್ಕೆ ವಾರಕ್ಕೊಂದು ತಪ್ಪು ಹೇಳ್ದೆ. ಸಿಗದೇ ಇದ್ದಾಗ ಸುಳ್ಳು ಹೇಳ್ದೆ."

ಅವರ ತಮ್ಮ ಅಕ್ಕನ ಹತ್ತಿರಕ್ಕೆ ಸರಿದು ಕೂತರು. ಆಮೇಲೆ ನಿಧಾನವಾಗಿ ಹೇಳಿದರು. "ಭಾವಂಗೆ ಗೊತ್ತಿತ್ತಕ್ಕಾ. ಮಣ್ಣು ತಗೊಂಡು ಹೋಗೋಕೆ ಬಂದಿದ್ರಲ್ಲ, ಅವತ್ತು ಮುಚ್ಚಿದ ಬಾವಿ ಜಾಗ ನಾನೇ ತೋರ್ಸಿದ್ದು. ಮನೆ ಪಾಯದಿಂದ ಅಲ್ಲಿಗೆ ಸ್ಕೇಲಿಟ್ಟು ಅಳ್ಕೊಂಡು ಬರ್ಕೊಂಡ್ರು."

ಗೊತ್ತಿದ್ದೂ ಆ ಮನುಷ್ಯ ಮೂರು ಸಲ ಹಲಗೆ ಕೊರೆದಿದ್ದರು, 'ಆಯ್ತು' ಎಂದಷ್ಟೇ ಹೇಳಿ. ತಮ್ಮನಿಗೆ ಸುಮ್ಮನೆ ಕೂರಲು ಆಗಲಿಲ್ಲವೇನೋ, ಎದ್ದು ಗಾಜಿನ ಮುಚ್ಚಳ ಎತ್ತಿ, ಹುಣಸೆ ಮರದ ಕೆಳಗೆ ಕೈ ಹಾಕಿದರು.

"ನಾನು ಬಾವಿನ ಅದರ ಜಾಗಕ್ಕೆ ಇಟ್ಟುಬಿಡ್ತೀನಿ ಅಕ್ಕಾ. ಭಾವಂಗೂ ಸಮಾಧಾನ ಆಗುತ್ತೆ."

"ಮುಟ್ಟಬೇಡ!" ಅಕ್ಕ ಎದ್ದು ಬಂದು ತಮ್ಮನ ಕೈ ಮೇಲೆ ಹೊಡೆದರು. ಕನ್ನಡಕ ಹಾಕಿಕೊಂಡು ಹುಣಸೆ ಮರದ ಕೆಳಗಿನ ಬಾವಿಯನ್ನು ಬಗ್ಗಿ ನೋಡಿದರು.

"ಸರಿಯಾಗಿದೆ" ಎಂದರು.